ಭಾರತಮ್ಮನಿಗೊಂದು ಮುಖ

ನಮ್ಮಮ್ಮ ಸುಂದರಾಬಾಯಿ ಸುಲಭಕ್ಕೆ ಯಾರನ್ನೂ ನಂಬುವವಳಲ್ಲ. ಹಾಲಿನ ಅಂಜಮ್ಮನ ಎದುರಿಗೇ ಹಾಲಿಗೆ ಬೆರಳದ್ದಿ ನೋಡುತ್ತಾಳೆ. ಬ್ಯಾಂಕಿನವರು ಎಣಿಸಿ ಕೊಟ್ಟ ನೋಟನ್ನು ಕೌಂಟರಿನಲ್ಲೇ ನಿಂತು ಮತ್ತೆ ಎಣಿಸುತ್ತಾಳೆ, ಹಿಂದೆ ನಿಂತವರು ಗೊಣಗಿದರೂ ಸರಿಯೇ. ಇಂಥ ಅಮ್ಮ, ಅಪ್ಪ ತೀರಿಕೊಂಡಾಗ ಬಂದ ದುಡ್ಡಷ್ಟನ್ನೂ ತೇಗದ ತೋಟಕ್ಕೆ ಹಾಕಿದ ಹಣ ನಾಲ್ಕೇ ವರ್ಷದಲ್ಲಿ ಎರಡರಷ್ಟಾಗುತ್ತದೆ ಎನ್ನುತ್ತಿದ್ದ ಮುರಳಿಮೋಹನನ ಸ್ಕೀಮಿಗೆ ಹಾಕುತ್ತೇನೆಂದು ಹೊರಟಾಗ ನನಗೆ ತಲೆ ಕೆಟ್ಟುಹೋಯಿತು. ಅವನ ವೆಬ್‌ಸೈಟ್ ಮಾಡುತ್ತಿದ್ದವಳು ನಾನೇ.

ಅದು ೨೦೦೩. ಮುಳಬಾಗಿಲಿನ ಬಸ್ ಸ್ಟ್ಯಾಂಡ್ ಹತ್ತಿರ, ಜೆರಾಕ್ಸ್ ಅಂಗಡಿಯ ಹಿಂದಿನ ಕೋಣೆಯಲ್ಲಿ ನನ್ನ ಕಂಪ್ಯೂಟರ್ ಇತ್ತು. ಮಾಲೂರಿನ ಹೆಂಚಿನ ಕಾರ್ಖಾನೆಗೆ, ಶ್ರೀನಿವಾಸಪುರದ ಮಾವಿನ ಮಂಡಿಗೆ ಸೈಟ್ ಮಾಡಿಕೊಟ್ಟಿದ್ದೆ. ಅವರಿಬ್ಬರೂ ಸಾಕೆಂದರೂ ಬಿಡದೆ ಸರಕಿನ ಫೋಟೋ ತಂದು ಸುರಿದಿದ್ದರು. ಮುರಳಿಮೋಹನ್ ಒಂದನ್ನೂ ತರಲಿಲ್ಲ.

"ತಾಯಲೂರಿನ ನಿಮ್ಮ ತೇಗದ ತೋಟಕ್ಕೆ ನಾನೇ ಹೋಗಿ ಫೋಟೋ ತೆಕ್ಕೊಂಡ್ ಬರ್ತೀನಿ, ಸರ್ವೆ ನಂಬರ್ ಹೇಳಿ" ಎಂದೆ.

"ಅಷ್ಟೆಲ್ಲ ಯಾಕೆ ಮೇಡಂ? ನೆಟ್‌ನಲ್ಲಿ ಯಾವ್ದಾದ್ರೂ ತೇಗದ ಮರ ಸಿಗುತ್ತೆ, ಹಾಕ್ಬಿಡಿ. ಪರವಾಲೇದು, ಏನೂ ಆಗಲ್ಲ."

ಕಂಪನಿಯ ನೋಂದಣಿ ಸಂಖ್ಯೆ ಕೇಳಿದರೆ ನಕ್ಕ. ತೇಗ ಬಲಿಯುವುದಕ್ಕೆ ಇಪ್ಪತ್ತು ವರ್ಷವಾದರೂ ಬೇಕಲ್ಲ, ನಾಲ್ಕೇ ವರ್ಷಕ್ಕೆ ಎರಡರಷ್ಟು ಎಲ್ಲಿಂದ ಕೊಡುತ್ತೀರಿ ಎಂದರೆ, ಟೀ ತರಿಸಲಾ ಎಂದ. ನನ್ನ ಅನುಮಾನ ಗಟ್ಟಿಯಾಯಿತು.

ಆದರೆ ಅಷ್ಟರಲ್ಲಿ ಮೊದಲ ಪುಟವನ್ನು ಇಂಟರ್ನೆಟ್ಟಿಗೆ ಏರಿಸಿಯಾಗಿತ್ತು. ಅವನು ಅದರ ಕಲರ್ ಪ್ರಿಂಟ್ ತೆಗೆಸಿ, ಕೆಳಗೆ 'ವಿನ್ಯಾಸ: ಪ್ರಿಯಂವದಾ' ಎಂದಿದ್ದ ನನ್ನ ಹೆಸರು ತೋರಿಸಿಕೊಂಡು ಬೀದಿ ಬೀದಿ ಸುತ್ತುತ್ತಿದ್ದ. ಒಂದು ಪ್ರತಿ ನಮ್ಮ ಮನೆಗೂ ಬಂತು.

"ಬೇಡಮ್ಮ, ಅವನು ಸರಿಯಿಲ್ಲ" ಎಂದೆ. "ಪೋಸ್ಟಾಫೀಸಲ್ಲೇ ಇರ್ಲಿ. ಬಡ್ಡಿ ಕಮ್ಮಿಯಾದ್ರೂ ಅಸಲು ಎಲ್ಲೂ ಹೋಗಲ್ಲ."

"ಸರಿಯಿಲ್ದಿದ್ರೆ ಇಂಟರ್ನೆಟ್‌ನಲ್ಲಿ ಹಾಕ್ತಾರೇನೇ? ಪ್ರಪಂಚವೆಲ್ಲ ನೋಡುತ್ತೆ."

"ಹಾಕಿದ್ದು ನಾನು ಕಣಮ್ಮ."

"ಅದಕ್ಕೇ ಹೇಳ್ತಿರೋದು. ನೀನು ಸುಳ್ಳು ಹಾಕ್ತೀಯಾ?" ಎಂದವಳು ಕಣ್ಣು ಕಿರಿದು ಮಾಡಿ ನನ್ನನ್ನೇ ನೋಡಿದಳು. "ನಿಮ್ಮಣ್ಣ ಮಾಧವ ಹೇಳ್ಕೊಟ್ನಾ? ದುಡ್ಡು ಅಲ್ಲೇ ಬಿದ್ದಿದ್ರೆ, ನಾನು ಹೋದ್ಮೇಲೆ ಇಬ್ರೂ ಹಂಚ್ಕೋಬೋದು ಅಂತಾನಾ?"

ಅಳು ಬಂತು, ಸಿಟ್ಟೂ ಬಂತು. ಊಟ ಬಿಟ್ಟು ಎದ್ದು ಹೋದೆ.

ಮರುದಿನ ಮುರಳಿಮೋಹನ್ ಫೋನ್ ಮಾಡಿ, 'ಗ್ರಾಹಕರ ಮಾತು' ಅಂತ ಒಂದು ಪುಟ ಬೇಕೆಂದ. ಮೊದಲ ಗ್ರಾಹಕಿಯ ಹೆಸರು, ಊರು, ಅವಳಾಡಿದ ಮಾತು ಎಲ್ಲವನ್ನೂ ತಾನೇ ಕಟ್ಟಿ ಹೇಳಿದ. ಫೋಟೋ ಎಲ್ಲಿ ಎಂದು ಕೇಳಿದೆ.

"ಯಾರ್ದಾದ್ರೂ ಹಾಕಿ ಮೇಡಂ. ವಯಸ್ಸಾದೋರು, ಮರ್ಯಾದಸ್ತರ ಥರ ಕಾಣಿಸಿದ್ರೆ ಸಾಕು."

ಹಾಗೆ ಕಾಣಿಸುವವರು ನಮ್ಮ ಮನೆಯಲ್ಲೇ ಇದ್ದರು.

ಪುಟ ಸಿದ್ಧಮಾಡಿ, ಇಂಟರ್ನೆಟ್ಟಿಗೆ ಏರಿಸದೆ ನನ್ನ ಕಂಪ್ಯೂಟರಿನಲ್ಲೇ ಇಟ್ಟುಕೊಂಡೆ. ಮಧ್ಯಾಹ್ನ ಅಮ್ಮನನ್ನು ಪುಸಲಾಯಿಸಿ ಕರೆತಂದು ಅದರ ಮುಂದೆ ಕೂರಿಸಿದೆ. ಅವಳು ಕನ್ನಡಕ ಹಾಕಿಕೊಂಡು, ಪಾಠ ಒಪ್ಪಿಸುವವಳಂತೆ ಗಟ್ಟಿಯಾಗಿ ಓದಿದಳು: "ಭಾರತಮ್ಮ, ನಿವೃತ್ತ ಶಿಕ್ಷಕಿ, ಶ್ರೀನಿವಾಸಪುರ. ನಾನು ಹಾಕಿದ ಹಣ ನಾಲ್ಕೇ ವರ್ಷದಲ್ಲಿ ಎರಡರಷ್ಟಾಯಿತು. ಮಗಳ ಮದುವೆಯನ್ನು ನಿಶ್ಚಿಂತೆಯಿಂದ ಮಾಡಿದೆ."

ಆಮೇಲೆ ಫೋಟೋ ನೋಡಿದಳು.

"ಇದು ನನ್ನ ಪಿಂಚಣಿ ಪುಸ್ತಕದ ಫೋಟೋ ಅಲ್ವೇನೇ?"

"ಹೌದು."

"ನಾನಿನ್ನೂ ಒಂದು ಕಾಸೂ ಕೊಟ್ಟಿಲ್ವಲ್ಲೇ."

"ಭಾರತಮ್ಮನೂ ಕೊಟ್ಟಿಲ್ಲ. ಅಂಥೋಳೇ ಇಲ್ಲಮ್ಮ. ನಂಗೆ ಅವನು ಫೋನಲ್ಲಿ ಹೇಳಿದ್ದು, ನಾನು ಬರೆದಿದ್ದು, ಅಷ್ಟೇ."

ನನಗೆ ಗೆದ್ದೆನೆಂಬ ಖುಷಿ. ಅಮ್ಮ ಬೈಯುತ್ತಾಳೆಂದು ಕಾದೆ. ಅವಳು ಬೈಯಲಿಲ್ಲ. ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡಳು.

"ಎದುರುಮನೆ ವೆಂಕಟರತ್ನಮ್ಮ ಬೆಳಿಗ್ಗೇನೇ ಅವನಿಗೆ ದುಡ್ಡು ಕಟ್ಬಿಟ್ಲು ಕಣೇ" ಎಂದಳು. "ಅವಳಿಗೆ ಅನುಮಾನ ಇತ್ತು. ನಮ್ಮ ಪ್ರಿಯಂವದಾನೇ ಮಾಡಿರೋದು ಅಂತ ಹೇಳಿ, ನಾನೇ ಕೈ ಹಿಡ್ಕೊಂಡು ಕರ್ಕೊಂಡ್ ಹೋದೆ."