ಬಿರುಕಿನೊಳಗಿನ ವಿಭೂತಿ

ಕಪ್ಪು ಕುರ್ಚಿಯ ತೋಳಿನ ಮೇಲೆ ಬಿಳಿ ಪುಡಿ, ಮೈಯಿಂದ ಉದುರಿದ್ದೋ ಬೆಳಿಗ್ಗೆ ಬಳಿದುಕೊಂಡ ವಿಭೂತಿಯೋ ಗುರುಪ್ರಕಾಶನಿಗೇ ಗೊತ್ತಾಗಲಿಲ್ಲ, ಯಾರಾದರೂ ನೋಡುವ ಮೊದಲು ಕರ್ಚೀಫಿನಿಂದ ಒರೆಸಿದ, ಒರೆಸಿದಷ್ಟೂ ಉದುರಿತು — ಇರಲಿ, ತುಮಕೂರಿನ ಈ ಲ್ಯಾಬಿನಲ್ಲಿ ಗುರುತಿನವರು ಯಾರಿದ್ದಾರೆ, ಅದಕ್ಕೇ ಅಲ್ಲವೆ ಗುಬ್ಬಿಯಲ್ಲೇ ಕೊಡಬಹುದಾಗಿದ್ದ ರಕ್ತವನ್ನು ಇಲ್ಲಿಗೆ ಹೊತ್ತು ತಂದದ್ದು. ಎದುರಿನ ಹೆಂಗಸು ಅವನ ಹಣೆ, ಕತ್ತು, ಮೊಣಕೈ ದಾಟಿದ ವಿಭೂತಿ ನೋಡಿ ಸೆರಗು ಸರಿಮಾಡಿಕೊಂಡಳು, ಯಾವುದೋ ಮಠದ ಅಯ್ಯನವರೆಂದುಕೊಂಡಿರಬೇಕು, ಅಣ್ಣನನ್ನೂ ಹಾಗೇ ಅಂದುಕೊಂಡರು, ಯಡಿಯೂರಿನಲ್ಲಿ ಸದಾಶಿವಣ್ಣ ಬಂದರೆ ಜನ ಎದ್ದು ಜಾಗ ಬಿಡುತ್ತಿದ್ದರು, ಎಂಥಾ ಭಕ್ತಿ ಕಣಯ್ಯ ಅವ್ನ್ದು, ಅಂಗೈ ತುಂಬ ವಿಭೂತಿ ಮೆತ್ಕೊಂಡೇ ಲಿಂಗ ಹಿಡಿಯೋದು — ಭಕ್ತಿ ಎಲ್ಲಿ ಬಂತು, ಅಣ್ಣ ಸೋರಿಯಾಸಿಸ್ ಮುಚ್ಚುತ್ತಿದ್ದ, ಸಿಪ್ಪೆ ಏಳುವ ಅಂಗೈಯಲ್ಲಿ ಇಷ್ಟಲಿಂಗ ಹಿಡಿದರೆ ಪಕ್ಕದವರು ಸರಿದು ಕೂರುತ್ತಾರೆಂದು. ತಮ್ಮನಿಗೂ ಅದು ಶುರುವಾದಾಗ ಉಪಾಯ ಕಲಿಸಿದ, ನೋಡ್ಲಾ ಪ್ರಕಾಶ, ವಿಭೂತಿ ಗಟ್ಟೀನ ನೀರಲ್ಲಿ ತೇಯ್ದು ದಪ್ಪಕೆ ಹಚ್ಚು, ಒಣಗಿದ್ಮೇಲೆ ಎರಡೂ ಒಂದೇ ಬಿಳಿ, ಶಿವನ್ಗೂ ಗೊತ್ತಾಗಲ್ಲ. ನಕ್ಕ. ನಗುವಾಗ ಎದೆ ಒತ್ತಿಕೊಂಡ, ಗ್ಯಾಸು ಬುಡು, ಸೋಡಾ ಕುಡುದ್ರೆ ಇಳಿಯುತ್ತೆ. ಇಳಿಯಲಿಲ್ಲ. ಆಂಬುಲೆನ್ಸು ಕುಣಿಗಲ್ ಮುಟ್ಟುವ ಮೊದಲೇ — ಬೇಡ, ಅಲ್ಲಿಗೆ ಹೋದರೆ ಆ ಅಂಗೈ ಬರುತ್ತದೆ, ಬಿರುಕಿನೊಳಗೆ ಬಿಳಿ.

ಬಾಯಿ ಒಣಗುತ್ತಿದೆ. ಖಾಲಿ ಹೊಟ್ಟೆಯಲ್ಲಿ ಬನ್ನಿ, ನೀರು ಬೇಕಾದರೆ ಕುಡಿಯಬಹುದು ಎಂದಿದ್ದರು, ಆದರೆ ಪೂಜೆಯ ತೀರ್ಥ ನೀರಿನ ಲೆಕ್ಕವೋ ಪ್ರಸಾದದ ಲೆಕ್ಕವೋ, ಇಂಥದ್ದನ್ನು ಡಾಕ್ಟರ ಹತ್ತಿರ ಕೇಳುವುದು ಹೇಗೆ, ಬಿಟ್ಟೇ ಬಂದ, ಕಾವ್ಯ ಬಟ್ಟಲು ಹಿಡಿದು ಬಾಗಿಲಲ್ಲೇ ನಿಂತಳು, ತೀರ್ಥಾನೂ ತಗೊಳ್ದೆ ಎಲ್ಲಿಗ್ರೀ ಹೊರಟ್ರಿ. ಮುಲಾಮು ತರೋಕೆ. ಹೆಂಡತಿ ಅವನ ಮುಖವನ್ನೇ ನೋಡಿದಳು, ಬಟ್ಟಲು ಮುಚ್ಚಿಟ್ಟಳು, ಅವಳು ಕೇಳದಿರುವುದೇ ಬೆನ್ನ ಹಿಂದೆ ಬಸ್ಸು ಹತ್ತಿತು. ನಿಜಕ್ಕೂ ಮುಲಾಮಿಗೆಂದೇ ಹೋಗಿದ್ದು ಹೋದ ವಾರ, ಚರ್ಮದ ಡಾಕ್ಟರು ಕೈ ನೋಡಿ ಮುಗಿಸಿ ಬಿಪಿ ಪಟ್ಟಿ ಕಟ್ಟಿದರು, ಮನೇಲಿ ಬೇರೆ ಯಾರಿಗಾದರೂ ಇತ್ತಾ, ಅಣ್ಣನಿಗೆ, ಅವರೀಗ ಹೇಗಿದ್ದಾರೆ, ಇಲ್ಲ, ಏನಾಗಿತ್ತು, ಹಾರ್ಟು. ಡಾಕ್ಟರು ಪೆನ್ನು ಕೆಳಗಿಟ್ಟರು. ಇದು ಚರ್ಮದ ಮೇಲೆ ಕಾಣುತ್ತೆ ಅಷ್ಟೆ, ಉರಿಯೂತ ಒಳಗೂ ಇರುತ್ತೆ, ರಕ್ತನಾಳಕ್ಕೂ ತಟ್ಟಬಹುದು, ಎಲ್ಲರಿಗೂ ಹಾಗಾಗುತ್ತೆ ಅಂತಲ್ಲ, ಉರಿಯೂತ ತೋರಿಸೋ ಸಿಆರ್‌ಪಿ, ಕೊಲೆಸ್ಟ್ರಾಲು, ಇನ್ನೊಂದೆರಡು ರಕ್ತದಲ್ಲಿ ನೋಡಿಸೋಣ, ಹೃದಯಕ್ಕೆ ಎಷ್ಟು ಅಪಾಯ ಅಂತ ಅಂದಾಜು ಸಿಗುತ್ತೆ, ಈಗಲೇ ಗೊತ್ತಾದ್ರೆ ಏನಾದ್ರೂ ಮಾಡಬಹುದು. ಈಗಲೇ — ಆ ಮಾತನ್ನು ಅಣ್ಣನಿಗೆ ಯಾರೂ ಹೇಳಲಿಲ್ಲ, ಎಲ್ಲರೂ ಎಣ್ಣೆ ಹೇಳಿದರು, ಬೇವು, ಹೊಂಗೆ, ಕೊಬ್ಬರಿ, ಮೇಲೆ ಹಚ್ಚುವುದನ್ನೇ ಹೇಳಿದರು, ಒಳಗೆ ನೋಡಿದವರಿಲ್ಲ. ಅಣ್ಣ ಹೋದ ವಯಸ್ಸು ಈ ವರ್ಷ ತನಗೆ. ಎದ್ದುಬಿಡೋಣವೆ, ಈಗ ಗುಬ್ಬಿ ಬಸ್ಸು ಹತ್ತಿದರೆ ಹೊತ್ತಿಗೆ ಸರಿಯಾಗಿ ಆಫೀಸು, ಗೊತ್ತಿಲ್ಲದೆ ಇರುವುದು ಕಷ್ಟವೇನಲ್ಲ, ಇಷ್ಟು ವರ್ಷ ಮುಚ್ಚಿಕೊಂಡು ಬದುಕಿಲ್ಲವೆ — ಆದರೆ ಮುಚ್ಚುವುದೂ ದಣಿವೇ, ದಿನಾ ತೇಯುವುದು, ಹಚ್ಚುವುದು, ಒಣಗಲಿ ಎಂದು ಕೈ ಚಾಚಿ ಕೂರುವುದು, ಅಣ್ಣನೂ ಹೀಗೇ ದಣಿದಿದ್ದನೇನೋ, ಸಮಾಧಿಯೊಳಗೆ ಕೂರಿಸಿದಾಗ ಕತ್ತು ಒಂದು ಕಡೆಗೆ ವಾಲಿತ್ತು, ಅಯ್ಯನವರು ಲಿಂಗ ಇಡಲು ಎಡಗೈ ಹಿಡಿದರು, ಬೆರಳು ಬಿಚ್ಚಲಿಲ್ಲ, ಒಂದೊಂದಾಗಿ ಬಿಡಿಸಿದರು, ಮೈ ತೊಳೆದಿದ್ದರೂ ಅಂಗೈಯ ಬಿರುಕುಗಳಲ್ಲಿ ಹಳೆಯ ವಿಭೂತಿ ಹಾಗೇ ಕೂತಿತ್ತು, ಗೆರೆ ಗೆರೆಯಾಗಿ, ಅದರ ಮೇಲೇ ಲಿಂಗ ಇಟ್ಟರು, ಪುಣ್ಯವಂತ ಕಣಪ್ಪ ಎಂದರು ಯಾರೋ, ಮಣ್ಣು ಬಿತ್ತು.

ಗುರುಪ್ರಕಾಶ್ ಯಾರು. ಕಾಲು ಬಾಗಿಲ ಕಡೆ ತಿರುಗಿತ್ತು, ಮತ್ತೆ ಕೇಳಿದರು, ನಾನೇ ಎಂದುಬಿಟ್ಟ. ರಕ್ತ ತೆಗೆಯುವ ಹುಡುಗಿಗೆ ಎಡಗೈ ಕೊಟ್ಟ. ಪೂಜೆ ಮಾಡ್ಕೊಂಡ್ ಬಂದಿದೀರಾ ಸಾರ್, ಒರೆಸ್ಬೇಕಾಗುತ್ತೆ, ಪರವಾಗಿಲ್ವಾ. ಒರೆಸಮ್ಮ. ಸ್ಪಿರಿಟ್ಟಿನ ಹತ್ತಿ ತಣ್ಣಗೆ ಹರಿದಾಡಿತು, ಬಿಳಿ ಹೋಯಿತು, ಕೆಂಪು ಬಂತು, ಹುಡುಗಿಯ ಕೈ ನಿಂತಿತು, ಅಂಟುರೋಗ ಅಲ್ಲ ಎಂದು ಹೇಳಲು ಬಾಯಿ ತೆರೆದ, ಅಷ್ಟರಲ್ಲಿ ಅವಳು, ಉರಿಯುತ್ತಾ ಸಾರ್, ಅಂದಳು. ಹಾಗೆಂದು ಯಾರೂ ಕೇಳಿರಲಿಲ್ಲ, ಅವನೂ ಯಾರಿಗೂ ಹೇಳಿರಲಿಲ್ಲ, ಕಾವ್ಯಳಿಗೂ. ಉರಿಯುತ್ತಮ್ಮ. ಮುಷ್ಟಿ ಹಿಡೀರಿ. ಸೂಜಿ, ಕೊಳವೆಯೊಳಗೆ ಕಪ್ಪಗೆ ಏರುತ್ತಿರುವ ರಕ್ತ, ಒಂದೇ ತಾಯಿಯ ರಕ್ತ, ಅಣ್ಣನದೂ ಏನಾದರೂ ಹೇಳುತ್ತಿತ್ತೇನೋ, ಕೇಳಿದ್ದರೆ. ಸಾಕು ಸಾರ್, ಮುಷ್ಟಿ ಬಿಡಿ. ಬೆರಳು ಬಿಚ್ಚಲಿಲ್ಲ. ಬಿಡಿ ಸಾರ್, ಆಯ್ತು. ಒಂದೊಂದಾಗಿ ತಾನೇ ಬಿಚ್ಚಿದ — ಕಿರುಬೆರಳು, ಉಂಗುರದ ಬೆರಳು, ನಡುಬೆರಳು — ಅಂಗೈ, ಅಂಗೈಯ ಬಿರುಕು, ಬಿರುಕಿನೊಳಗೆ ಬಿಳಿ, ಲಿಂಗ ಇಡುವ ಜಾಗ ಇನ್ನೂ ಖಾಲಿ, ಬಿರುಕಿನೊಳಗೆ ಬಿಳಿ —