ಮುಚ್ಚಳ ಕೂರಬೇಕು

ಮರದ ತುಂಡುಗಳನ್ನು ಮೂರು ಮೂರರಂತೆ, ಒಂದು ಸಾಲು ಉದ್ದ ಒಂದು ಸಾಲು ಅಡ್ಡ ಜೋಡಿಸಿ ಗೋಪುರ ಕಟ್ಟುವ ಆಟ ಎಲ್ಲರಿಗೂ ಗೊತ್ತು. ಒಂದೇ ಕೈಯಲ್ಲಿ ಕೆಳಗಿನ ತುಂಡು ಎಳೆದು ಮೇಲಿಡಬೇಕು. ಯಾರ ಕೈಯಲ್ಲಿ ಬಿತ್ತೋ ಅವರು ಸೋತರು. ಕೆಲವರು ದಾಳ ಹಾಕಿ ಬಣ್ಣ ನೋಡಿ ಎಳೆಯುತ್ತಾರೆ, ಕೆಲವರು ಒಂದು ಕಣ್ಣು ಮುಚ್ಚಿಕೊಂಡು.

ಊರಿಗೆಲ್ಲ ಒಂದು ದಾರಿಯಾದರೆ ನಮ್ಮ ಅತ್ತೆಮನೆಗೆ ಒಂದು ದಾರಿ. ಇಲ್ಲಿ ಒಂದೊಂದು ತುಂಡೂ ಒಬ್ಬೊಬ್ಬರದು. ಯಾರು ಹುಟ್ಟಿದರೂ, ಯಾರು ಮದುವೆಯಾಗಿ ಬಂದರೂ ಬಡಗಿ ಮಾವ ಒಂದು ತುಂಡು ಕೊಯ್ದು ಗುರುತು ಕೆತ್ತುತ್ತಾರೆ. ನಾನು ಹೊಲಿಗೆಯವಳು, ನನ್ನದರ ಮೇಲೆ ಕತ್ತರಿ. ಎಳೆಯುವ ಮುಂಚೆ ಆ ಮನುಷ್ಯರನ್ನು ಕೂಗಬೇಕು, ಅವರು "ಇದ್ದೀನಿ" ಅನ್ನಬೇಕು. ಸತ್ತವರ ಪರವಾಗಿ ಅತ್ತೆ ಅನ್ನುತ್ತಾರೆ, ಒಬ್ಬೊಬ್ಬರಿಗೆ ಒಂದೊಂದು ದನಿಯಲ್ಲಿ.

ಆಟ ಮುಗಿದ ಮೇಲೆ ಎಲ್ಲವನ್ನೂ ಮಾವನ ಅಜ್ಜ ಮಾಡಿದ ಪೆಟ್ಟಿಗೆಯಲ್ಲಿ ತುಂಬಬೇಕು, ಮುಚ್ಚಳ ಕೂರಬೇಕು. ನನ್ನ ಮಗಳು ಹುಟ್ಟಿದಾಗ ಕೂರಲಿಲ್ಲ. ಅತ್ತೆ ಒಂದು ತುಂಡು ತೆಗೆದು ಒಲೆಗೆ ಹಾಕಿದರು. ಯಾರದು ಎಂದು ಕೇಳಿದೆ. ಅವರಿಗೇ ನೆನಪಿರಲಿಲ್ಲ. ಅವತ್ತಿನಿಂದ ಕಪಾಟಿನಲ್ಲಿ ಯಾರ ಕಣ್ಣಿಗೂ ಹೊಂದದ ಕನ್ನಡಕವೊಂದು ಬಿದ್ದಿದೆ. ನರ್ಸ್ ಕೆಲಸದ ನನ್ನ ನಾದಿನಿ ಊಟಕ್ಕೆ ಒಂದು ತಟ್ಟೆ ಹೆಚ್ಚಿಗೆ ಇಟ್ಟು ತನ್ನನ್ನೇ ಬೈದುಕೊಳ್ಳುತ್ತಾಳೆ. ಅತ್ತೆ ಸುಮ್ಮನೆ ಕೂತಲ್ಲೇ ಅಳುತ್ತಾರೆ, ಕೇಳಿದರೆ ಯಾಕೋ ಗೊತ್ತಿಲ್ಲ ಅನ್ನುತ್ತಾರೆ. ತುಂಡು ಸುಟ್ಟರೆ ಮನುಷ್ಯರೂ ಹೋಗುತ್ತಾರೆ, ಅವರ ನೆನಪೂ ಹೋಗುತ್ತದೆ ಎಂದು ನನಗೆ ಅರ್ಥವಾಗಲು ತಡವಾಯಿತು.

ಈಗ ನಾನು ಮತ್ತೆ ಬಸುರಿ. ಈ ಸಲ ಹೆರಿಗೆಗೆ ಮುಂಚೆಯೇ ಮಾವ ಮಗುವಿನ ಹೊಸ ತುಂಡನ್ನು ಉಜ್ಜುತ್ತಾ ಕೂತಿದ್ದರು.

"ಮಾವ, ಪೆಟ್ಟಿಗೆ ಸ್ವಲ್ಪ ದೊಡ್ಡದು ಮಾಡಬಾರದಾ?"

"ಹಿರಿಯರು ಮಾಡಿದ್ದಮ್ಮ. ಅದಕ್ಕೆ ಕೈ ಹಾಕೋಕಾಗುತ್ತಾ?"

"ಹಾಗಾದ್ರೆ ಸತ್ತವರದ್ದೇ ಒಂದು ತೆಗೀರಿ."

ಅಡುಗೆಮನೆಯಿಂದ ಅತ್ತೆ ಹೇಳಿದರು, "ಹಿರಿಯರನ್ನ ಹೊರಗೆ ಹಾಕಿದ್ರೆ ಮನೆ ಉಳಿಯುತ್ತಾ? ಇರೋರೇ ಹೊಂದಿಕೊಂಡು ಹೋಗಬೇಕು."

ಹೊಂದಿಕೊಂಡು ಹೋಗುವ ಕೆಲಸ ಯಾರ ಪಾಲಿನದು ಎಂದು ಯಾವ ಸೊಸೆಗೆ ಗೊತ್ತಿಲ್ಲ? ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಅಂತಾರೆ. ಆ ಕಾಲ ಬರುವವರೆಗೆ ಸೊಸೆ ಪೆಟ್ಟಿಗೆಯಲ್ಲಿ ಉಳಿದಿರಬೇಕಲ್ಲ. ನನಗೆ ತುಂಬಾ ಹೆದರಿಕೆಯಾಯಿತು. ನಾನು ಸತ್ತರೆ ಮಗಳು ಅಳುವುದಾದರೂ ಅಳುತ್ತಾಳೆ. ಇದರಲ್ಲಿ ತನಗೊಬ್ಬ ಅಮ್ಮ ಇದ್ದಳು ಅನ್ನುವುದೇ ಅವಳಿಗೆ ತಿಳಿಯುವುದಿಲ್ಲ.

ಭಾನುವಾರ ಮಧ್ಯಾಹ್ನ ಆಡಿದೆವು. ನಾದಿನಿಯ ಕೈಯಲ್ಲಿ ಗೋಪುರ ಬಿತ್ತು. ತುಂಡುಗಳನ್ನು ತುಂಬಿದೆವು, ಹೊಸದನ್ನೂ ಇಟ್ಟೆವು. ಮುಚ್ಚಳ ಕೂರಲಿಲ್ಲ. ಅತ್ತೆಯ ಬೆರಳು ತುಂಡುಗಳ ಮೇಲೆ ಓಡಾಡಿ ಕತ್ತರಿಯ ಮೇಲೆ ನಿಂತಿತು.

"ಬೇಜಾರು ಮಾಡ್ಕೋಬೇಡಮ್ಮ," ಅಂದರು. ನಿಜಕ್ಕೂ ಬೇಜಾರಿನಿಂದಲೇ ಅಂದರು.

ನಾನು ಅವರ ಕೈ ತಳ್ಳಿ, ಹಿರಿಯರ ಸಾಲು ಅಂದುಕೊಂಡು ಕೈಗೆ ಸಿಕ್ಕಿದ್ದನ್ನು ಕಿತ್ತು, ಗುರುತನ್ನೂ ನೋಡದೆ ಒಲೆಗೆ ಎಸೆದೆ. ಒಣಮರ, ಚೆನ್ನಾಗಿ ಹತ್ತಿಕೊಂಡಿತು. ಮುಚ್ಚಳ ಕೂತಿತು. ಸುತ್ತ ನೋಡಿದೆ: ಮಾವ, ಅತ್ತೆ, ನಾದಿನಿ, ಮಗಳು, ನಾನು. ಮನೆಮಂದಿಯೆಲ್ಲ ಇದ್ದೇವೆ, ಯಾರೋ ಮುತ್ತಜ್ಜನದು ಹೋಯಿತು ಎಂದು ಉಸಿರು ಬಿಟ್ಟೆ.

ಸಂಜೆ ಹಗ್ಗದ ಮೇಲಿನ ಬಟ್ಟೆ ತೆಗೆಯಲು ಹೋದೆ. ಗಂಡಸಿನ ಅಂಗಿಗಳು ಒಣಗುತ್ತಿದ್ದವು, ಮಾವನಿಗೆ ದೊಗಲೆಯಾಗುವಂಥವು. ಕಾಲರಿನ ಹೊಲಿಗೆ ನನ್ನದೇ. ಆ ಭುಜದ ಅಳತೆ ನನ್ನ ಕೈಗೆ ಬಾಯಿಪಾಠವಾಗಿತ್ತು, ಮುಖ ಮಾತ್ರ ಎಷ್ಟು ಯೋಚಿಸಿದರೂ ಬರಲಿಲ್ಲ.

"ಅತ್ತೆ, ಇದು ಯಾರದು?"

ಅವರು ಅಂಗಿಯನ್ನು ಎದೆಗೆ ಒತ್ತಿಕೊಂಡು ಅಳತೊಡಗಿದರು. "ಗೊತ್ತಿಲ್ಲಮ್ಮ," ಅಂದರು.

ಹೊಟ್ಟೆಯಲ್ಲಿ ಮಗು ಒದೆಯಿತು. ನಾನು ಈ ಮನೆಯ ಸೊಸೆ, ಅದರಲ್ಲಿ ಯಾರಿಗೂ ಅನುಮಾನವಿಲ್ಲ. ಯಾರ ಹೆಂಡತಿ ಎಂದು ಮಾತ್ರ ಮನೆಯಲ್ಲಿ ಒಬ್ಬರಿಗೂ ಗೊತ್ತಿಲ್ಲ.