ಅವ್ವನ ಎರಡನೇ ಮಣ್ಣು

"ಕಳ್ಳ ಮುಂಡೆ, ಯಾರಪ್ಪನ ಕರೆಂಟು ಅಂದ್ಕಂಡು ಕೊಕ್ಕೆ ಹಾಕಿದ್ದೀಯೆ?"

ಗಾಳಿಯಂತ್ರದ ಕಂಪನಿಯ ಮೇಲ್ವಿಚಾರಕ ಓತೆರೋ ತಾನೇ ಏಣಿ ಹತ್ತಿ ತಂತಿ ಕತ್ತರಿಸಿದ. ಗುಡಿಸಲೊಳಗೆ ಜೋಲಿಯಲ್ಲಿ ಮಲಗಿದ್ದ ಸೆನೈದಾಳ ಅವ್ವನ ಪಕ್ಕದಲ್ಲಿ, ಆಸ್ಪತ್ರೆಯವರು ಕೊಟ್ಟಿದ್ದ ಉಸಿರಿನ ಯಂತ್ರ ಗಕ್ಕನೆ ನಿಂತಿತು.

"ಅವ್ವನ ಉಸಿರು ಸ್ವಾಮಿ ಅದು. ಮೀಟರ್ ಕೊಡಿ, ಬಿಲ್ ಕಟ್ತೀವಿ ಅಂತ ನಾಕು ವರ್ಸದಿಂದ ಬಾಯ್ ಬಡ್ಕಂತಿದೀವಿ," ಎಂದಳು ಸೆನೈದಾ.

"ಮೇಕೆ ಕಾಯೋರಿಗೆ ಯಾತರ ಮೀಟರ್ರೇ? ಈ ಕರೆಂಟು ಪಟ್ಟಣಕ್ಕೆ ಹೋಗೋದು."

ತಲೆಯ ಮೇಲೆ ಮೂವತ್ತು ಗಾಳಿಯಂತ್ರಗಳು ತಿರುಗುತ್ತಲೇ ಇದ್ದವು. ಮಧ್ಯಾಹ್ನದ ಹೊತ್ತಿಗೆ ಅವ್ವ ಹೋದಳು.

ಇಂಥದ್ದಕ್ಕೆ ಆ ಮರಳುಸೀಮೆಯ ವಯೂ ಕುಲದ ಜನ ಪೊಲೀಸರ ಬಾಗಿಲಿಗೆ ಹೋಗುವುದಿಲ್ಲ. ಸತ್ತವರ ಕಡೆಯಿಂದ ನ್ಯಾಯ ಕೇಳಲು ಮಾತುಗಾರ ಹೋಗುತ್ತಾನೆ. ಕೊಂದವರು ಮೇಕೆ, ಹವಳದ ಸರ ಕೊಟ್ಟು ತಪ್ಪೊಪ್ಪಬೇಕು, ಇಲ್ಲದಿದ್ದರೆ ಹಗೆ. ಸೆನೈದಾಳ ಸೋದರಮಾವ ಸೆಬೇರೋ ಮಾತುಗಾರನ ಕೋಲು ಹಿಡಿದು ಕಂಪನಿಗೆ ಹೋದ. ಮೂರು ದಿನ ಅವನನ್ನು ಗೇಟಿನಾಚೆ ಬಿಸಿಲಲ್ಲಿ ಕೂರಿಸಿದರು. ನಾಲ್ಕನೆಯ ದಿನ ಓತೆರೋ ಬಂದು ಕಂಪನಿಯ ಹೆಸರಿದ್ದ ಒಂದು ಟೋಪಿ ಕೊಟ್ಟ.

"ಮುದುಕಿಗೆ ಹೆಂಗೂ ವಯಸ್ಸಾಗಿತ್ತಲ್ಲ ತಾತ. ಬಿಸಿಲು ಜಾಸ್ತಿ, ಹಾಕ್ಕಂಡು ಹೋಗು."

ಸೆನೈದಾ ಆರು ವರ್ಷ ಕಾದಳು. ಹೂತ ದೇಹ ಮೂಳೆಯಾಗಬೇಕು. ಆಮೇಲೆ ಮಗಳು ಆ ಮೂಳೆ ತೆಗೆದು, ಒರೆಸಿ, ಇನ್ನೊಮ್ಮೆ ಮಣ್ಣು ಮಾಡಬೇಕು. ಎಲ್ಲಿ ಮೂಳೆಯೋ ಅಲ್ಲಿಯ ನೆಲ ಆ ಕುಲದ್ದು. ಇದು ಓತೆರೋಗೂ ಗೊತ್ತು. ಗಾಳಿಯಂತ್ರಕ್ಕೆ ನೆಲ ಪಡೆಯುವ ಕಾಗದಕ್ಕೆ ಜನರ ಹೆಬ್ಬೆಟ್ಟು ಒತ್ತಿಸಿಕೊಂಡ ದಿನ ಅವನೇ ಗಟ್ಟಿಯಾಗಿ ಓದಿದ್ದ: ಕಂಪನಿ ಸಮಾಧಿ ಮುಟ್ಟುವುದಿಲ್ಲ, ಅದರ ಹತ್ತಿರ ಗಾಡಿ ಓಡಿಸುವುದಿಲ್ಲ. ಯಾವ ಸಮಾಧಿ, ಎಲ್ಲಿಯದು ಎಂದು ಮಾತ್ರ ಬರೆದಿರಲಿಲ್ಲ.

ಆರು ವರ್ಷ ತುಂಬಿದ ಬೆಳಗಿನ ಜಾವ, ಅಗೆದ ಗುಂಡಿಯಿಂದ ಸೆನೈದಾ ಮೊದಲು ಬುರುಡೆ ಎತ್ತಿಕೊಂಡಳು. ಕಿರುಬೆರಳಿನ ಮೂಳೆಯವರೆಗೂ ಆಯ್ದು ಬಿಳಿ ಬಟ್ಟೆಯಲ್ಲಿ ಕಟ್ಟಿದಳು.

"ಆ ಕಡೆ ಎಲ್ಲಿಗೆ ಮಗಾ? ನಮ್ ಸ್ಮಶಾನ ಈ ಕಡೆ," ಎಂದ ಸೆಬೇರೋ.

"ಅವ್ವ ರಸ್ತೇಲಿ ಮಲಗ್ತಾಳೆ ಮಾವ."

ಮುದುಕ ಅವಳನ್ನೇ ನೋಡಿದ. ಪಕ್ಕಕ್ಕೆ ಉಗಿದ. "ಹಾರೆ ತತ್ತಾ," ಎಂದ.

ಗಾಳಿಯಂತ್ರಗಳಿಗೆ ಹೋಗುವ ರಸ್ತೆ ಅದೊಂದೇ. ಊರ ಜನ ಸಾಲಾಗಿ ನಿಂತು ನೋಡುತ್ತಿರಲು, ಅದರ ನಟ್ಟನಡುವೆ ಮಣ್ಣು ಮುಚ್ಚುತ್ತಿರುವಾಗ ಓತೆರೋನ ಜೀಪು ಬಂತು.

"ಏನೇ ಅದು, ನಾಯಿ ಹೂಳ್ತಿದೀಯಾ?"

"ನೀನು ಕೊಂದವಳನ್ನ."

"ತೆಗೀಯೇ. ಇಲ್ಲಾಂದ್ರೆ ಗಾಡಿ ಹತ್ತಿಸ್ತೀನಿ."

"ಹತ್ಸೋ ಬೋಳಿಮಗನೆ. ನೀನೇ ಓದಿದ ಕಾಗದ. ನಿನ್ ಡ್ರೈವರನ್ನೇ ಕೇಳು, ಹತ್ಸುತಾನಾ ಅಂತ."

ಡ್ರೈವರೂ ವಯೂ. ಅವನು ಎಂಜಿನ್ ಆರಿಸಿದ. ಇಳಿದು, ಬೀಗದ ಕೈಯನ್ನು ಸಮಾಧಿಯ ಮಣ್ಣಲ್ಲಿ ಚುಚ್ಚಿ, ಜನರ ಸಾಲಿನಲ್ಲಿ ಹೋಗಿ ನಿಂತ.

ಓತೆರೋನ ದನಿ ಇಳಿಯಿತು. "ಆಯ್ತು ಮಾರಾಯ್ತಿ, ನಿನ್ ಮನೆಗೆ ಮೀಟರ್ ಹಾಕಿಸ್ತೀನಿ. ಇವತ್ತೇ."

ಮೂಳೆ ಮುಟ್ಟಿದ ಕೈ ಅನ್ನ ಮುಟ್ಟುವಂತಿಲ್ಲ. ಅದಕ್ಕೇ ತಂಗಿಯ ಮಗಳು ಅವಳಿಗೆ ಜೋಳದ ಗಂಜಿ ಕುಡಿಸುತ್ತಿದ್ದಳು. ಸೆನೈದಾ ನಿಧಾನವಾಗಿ ನುಂಗಿದಳು.

"ಊರಿನ ಎಲ್ಲಾ ಮನೆಗೂ. ಅದರ ಮಾತು ನಾಕನೇ ದಿನ. ಅಲ್ಲೀಗಂಟ ಕೂತ್ಕೊ, ಅಗೋ ಅಲ್ಲಿ."

ಅವಳು ತೋರಿಸಿದ ಕಡೆ ನೆರಳಿರಲಿಲ್ಲ. ಗಾಳಿಯಂತ್ರದ ರೆಕ್ಕೆಯ ನೆರಳು ಮಾತ್ರ ಬಂದು ಬಂದು ಹೋಗುತ್ತಿತ್ತು. ಮೂಳೆ ತೆಗೆದವಳು ಕೆಲವು ದಿನ ನಿದ್ದೆಯನ್ನೂ ಮಾಡುವಂತಿಲ್ಲ. ಸೆನೈದಾಳಿಗೆ ಅದೇನೂ ಹೊಸದಲ್ಲ.

ಸೆಬೇರೋ ಗುಡಿಸಲಿನಿಂದ ಆ ಹಳೆಯ ಟೋಪಿ ತಂದು ಧೂಳು ಕೊಡವಿ ಓತೆರೋನ ಮುಂದೆ ಹಿಡಿದ.

"ಬಿಸಿಲು ಜಾಸ್ತಿ. ಹಾಕ್ಕಳಪ್ಪ."